ಕಚೇರಿ ಸಿಬ್ಬಂದಿಗೆ ಆಧುನಿಕ ಕೃಷಿಯನ್ನು ತಿಳಿಸುವ ಸಂಚಾರಿ ಪ್ರದರ್ಶನ: ಒಳಗೆ ಏನಿಡಬೇಕು, ಏನನ್ನು ಬಿಡಬೇಕು?

ಪ್ರಶ್ನೆ: ತರಬೇತಿ_ಮೇಜು

ನಾನು ಕೆಲಸ ಮಾಡುವ ಸಂಸ್ಥೆ ಬೀಜ, ಸಸ್ಯಸಂರಕ್ಷಣೆಯ ಔಷಧ ಮತ್ತು ರೈತರಿಗೆ ಸಲಹೆ ಕೊಡುವ ತಂತ್ರಾಂಶ, ಈ ಮೂರನ್ನೂ ತಯಾರಿಸುತ್ತದೆ. ಆದರೆ ಲೆಕ್ಕಪತ್ರ, ಕಾನೂನು, ಖರೀದಿ, ಮಾನವ ಸಂಪನ್ಮೂಲ, ತಂತ್ರಾಂಶ ಮುಂತಾದ ವಿಭಾಗಗಳಲ್ಲಿರುವ ನಮ್ಮ ಸಹೋದ್ಯೋಗಿಗಳಲ್ಲಿ ಬಹುಪಾಲು ಜನರು ಬೆಳೆದು ನಿಂತ ಪೈರಿನ ನಡುವೆ ಒಮ್ಮೆಯೂ ನಡೆದವರಲ್ಲ. ಇಳುವರಿ, ಬಿತ್ತನೆಯ ಕಾಲ, ರೋಗನಿರೋಧಕ ತಳಿ ಎಂಬ ಮಾತುಗಳನ್ನು ಅವರು ದಿನವೂ ಕಡತಗಳಲ್ಲಿ ಬರೆಯುತ್ತಾರೆ. ಬಿತ್ತನೆ ಹತ್ತು ದಿನ ತಡವಾದರೆ ರೈತನಿಗೆ ಏನಾಗುತ್ತದೆ ಎಂದು ಕೇಳಿದರೆ ಮಾತ್ರ ಅವರಲ್ಲಿ ಉತ್ತರವಿರುವುದಿಲ್ಲ.

ಈ ಕೊರತೆಯನ್ನು ನೀಗಿಸಲು ಸಂಚಾರಿ ಪ್ರದರ್ಶನವೊಂದನ್ನು ರೂಪಿಸುವ ಹೊಣೆಯನ್ನು ನಮ್ಮ ವಿಭಾಗಕ್ಕೆ ವಹಿಸಲಾಗಿದೆ. ಸುಮಾರು 12 ಮೀಟರ್ ಉದ್ದದ ಟ್ರೇಲರ್ ಒಂದನ್ನು ಒಳಗಿನಿಂದ ಪ್ರದರ್ಶನದ ಕೋಣೆಯಾಗಿ ಮಾರ್ಪಡಿಸಿ, ಒಂದೊಂದು ಶಾಖಾ ಕಚೇರಿಯ ಆವರಣದಲ್ಲಿಯೂ ಕೆಲವು ದಿನ ನಿಲ್ಲಿಸಿ, ಸಿಬ್ಬಂದಿಯನ್ನು ತಂಡತಂಡವಾಗಿ ಒಳಗೆ ಕರೆದೊಯ್ಯುವುದು ಯೋಜನೆ. ಎಲ್ಲರನ್ನೂ ಹೊಲಕ್ಕೇ ಕರೆದುಕೊಂಡು ಹೋಗುವುದು ಉತ್ತಮವೆಂದು ನಾನೂ ಒಪ್ಪುತ್ತೇನೆ. ಆದರೆ ಬೆಳೆಯ ಕಾಲಕ್ಕೂ ಕಚೇರಿಯ ವೇಳಾಪಟ್ಟಿಗೂ ತಾಳೆಯಾಗುವುದಿಲ್ಲ. ಹಲವು ಶಾಖೆಗಳ ಸುತ್ತಮುತ್ತ ಹೊಲವೇ ಇಲ್ಲ.

ವಿನ್ಯಾಸಕಾರರು ಕೊಟ್ಟಿರುವ ಮೊದಲ ನಕ್ಷೆಯಲ್ಲಿ ಗೋಡೆಯ ತುಂಬ ಪರದೆಗಳಿವೆ, ನಡುವೆ ಒಂದು ಡ್ರೋನ್ ತೂಗುತ್ತದೆ, ಹೊರಹೋಗುವ ಬಾಗಿಲಿನ ಬಳಿ ಸಂಸ್ಥೆಯ ಉತ್ಪನ್ನಗಳ ಸಾಲಿದೆ. ನೋಡಲು ಅಂದವಾಗಿದೆ. ಆದರೂ ಇದನ್ನು ನೋಡಿ ಹೊರಬಂದವರಿಗೆ ಕೃಷಿಯ ಬಗ್ಗೆ ನಿಜವಾಗಿ ಏನು ತಿಳಿದಿರುತ್ತದೆ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಒಂದು ತಂಡಕ್ಕೆ ಸಿಗುವುದು ಹೆಚ್ಚೆಂದರೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಯಾವ ವಿಷಯಗಳನ್ನು, ಯಾವ ರೀತಿಯಲ್ಲಿ ಮುಂದಿಟ್ಟರೆ ಅದು ಜಾಹೀರಾತಾಗದೆ ಪಾಠವಾಗುತ್ತದೆ? ಇಂತಹ ಕೆಲಸ ಮಾಡಿದವರು, ಇಲ್ಲವೇ ಕೃಷಿಯನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹೆಂಟೆ_ಮಣ್ಣು

ನಾನು ಮಣ್ಣು ವಿಜ್ಞಾನ ಓದಿ, ರೈತರಿಗೂ ವಿದ್ಯಾರ್ಥಿಗಳಿಗೂ ಪ್ರಾತ್ಯಕ್ಷಿಕೆ ನಡೆಸುತ್ತ ಬಂದವನು. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಪರದೆಯ ಮೇಲೆ ತೋರಿಸಬಹುದಾದುದನ್ನು ನಿಮ್ಮ ಸಹೋದ್ಯೋಗಿಗಳು ತಮ್ಮ ಮೇಜಿನ ಮೇಲೆಯೇ ನೋಡಬಲ್ಲರು. ಅದಕ್ಕಾಗಿ ಟ್ರೇಲರ್ ಅವರ ಬಾಗಿಲಿಗೆ ಬರಬೇಕಾಗಿಲ್ಲ. ಟ್ರೇಲರ್ ಹೊತ್ತು ತರಬೇಕಾದುದು ಮೇಜಿನ ಮೇಲೆ ಸಿಗದ ವಸ್ತುಗಳನ್ನು, ಅಂದರೆ ಮಣ್ಣು, ನೀರು, ಬೇರು, ಎಲೆ ಮತ್ತು ಯಂತ್ರದ ಬಿಡಿಭಾಗಗಳನ್ನು.

ಸಂಚಾರಿ ಕೃಷಿ ಪಾಠಶಾಲೆ ಎಂಬ ಕಲ್ಪನೆ ಹೊಸದೇನಲ್ಲ. ಅಮೆರಿಕದ ಅಲಬಾಮಾದ ಟಸ್ಕೀಗೀ ಸಂಸ್ಥೆಯಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ರೂಪಿಸಿದ, 'ಜೆಸಪ್ ವ್ಯಾಗನ್' ಎಂದು ಹೆಸರಾದ ಗಾಡಿ 1906ರಲ್ಲಿಯೇ ಉಪಕರಣಗಳನ್ನು ಹೇರಿಕೊಂಡು ಬಡ ರೈತರ ಹೊಲಗಳತ್ತ ಹೊರಟಿತ್ತು. ಆ ಗಾಡಿ ಪ್ರಯೋಗಾಲಯವನ್ನು ಹೊಲಕ್ಕೆ ಒಯ್ದಿತು, ನೀವು ಹೊಲವನ್ನು ಕಚೇರಿಗೆ ಒಯ್ಯಲು ಹೊರಟಿದ್ದೀರಿ. ದಿಕ್ಕು ತಿರುಗಿದರೂ ಕ್ರಮ ಬದಲಾಗಬೇಕಿಲ್ಲ: ಕೈಯಿಂದ ಮಾಡಿ ತೋರಿಸುವುದು, ನೋಡುವವರ ಕೈಯಲ್ಲಿಯೂ ಮಾಡಿಸುವುದು.

ಆದರೆ ಮಾಡಿ ತೋರಿಸಿದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ ಎಂಬುದಕ್ಕೂ ಒಳ್ಳೆಯ ಆಧಾರವಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಮತ್ತು ಸಂಗಡಿಗರು ಭೌತಶಾಸ್ತ್ರದ ತರಗತಿಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಯೋಗವನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳ ತಿಳಿವಳಿಕೆ, ಅದನ್ನು ನೋಡದೇ ಇದ್ದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಏನಾಗಬಹುದೆಂದು ಮೊದಲೇ ಊಹಿಸಿ, ಆಮೇಲೆ ಪ್ರಯೋಗ ನೋಡಿದವರಲ್ಲಿ ಮಾತ್ರ ತಿಳಿವಳಿಕೆ ಸ್ಪಷ್ಟವಾಗಿ ಹೆಚ್ಚಿತ್ತು. ಆದ್ದರಿಂದ ಪ್ರತಿ ನಿಲುಗಡೆಯಲ್ಲಿಯೂ ಮೊದಲು ಪ್ರಶ್ನೆ, ಆಮೇಲೆ ಅವರ ಊಹೆ, ಕೊನೆಗೆ ಪ್ರಯೋಗ ಎಂಬ ಕ್ರಮವನ್ನು ಬಿಗಿಯಾಗಿ ಪಾಲಿಸಿ.

ನನ್ನನ್ನು ಕೇಳಿದರೆ ಟ್ರೇಲರಿನ ಅರ್ಧ ಭಾಗವನ್ನು ಮಣ್ಣು ಮತ್ತು ನೀರಿಗೇ ಮೀಸಲಿಡುತ್ತೇನೆ. ಮೊದಲನೆಯದಾಗಿ, ನೀರು ತುಂಬಿದ ಎರಡು ಗಾಜಿನ ಜಾಡಿಗಳು. ಒಂದರಲ್ಲಿ ವರ್ಷವರ್ಷವೂ ಆಳವಾಗಿ ಉಳುಮೆ ಮಾಡಿದ ಹೊಲದ ಒಣ ಹೆಂಟೆ, ಇನ್ನೊಂದರಲ್ಲಿ ಬಹುಕಾಲ ಉಳುಮೆಯಿಲ್ಲದೆ, ಬೆಳೆಯ ಉಳಿಕೆಯ ಹೊದಿಕೆಯಡಿ ಇದ್ದ ಅದೇ ಜಾತಿಯ ಮಣ್ಣಿನ ಒಣ ಹೆಂಟೆ. ಎರಡನ್ನೂ ತಂತಿ ಜಾಲರಿಯ ಮೇಲಿಟ್ಟು ಒಟ್ಟಿಗೆ ಮುಳುಗಿಸಿದರೆ, ಮೊದಲನೆಯದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕುಸಿದು ನೀರನ್ನು ಕದಡಿಬಿಡುತ್ತದೆ. ಎರಡನೆಯದು ಬಹುಮಟ್ಟಿಗೆ ಆಕಾರ ಬಿಡದೆ ಉಳಿಯುತ್ತದೆ. ಮಣ್ಣಿನ ಕಣಗಳನ್ನು ಹಿಡಿದಿಟ್ಟಿರುವುದು ಬೇರುಗಳು, ಶಿಲೀಂಧ್ರದ ಎಳೆಗಳು ಮತ್ತು ಸೂಕ್ಷ್ಮಜೀವಿಗಳು ಒಸರುವ ಅಂಟು ಎಂಬುದನ್ನು ಇದಾದ ಮೇಲೆ ಹೇಳಿದರೆ ಯಾರೂ ಮರೆಯುವುದಿಲ್ಲ. ಹೆಂಟೆಗಳು ಚೆನ್ನಾಗಿ ಗಾಳಿಗೆ ಒಣಗಿರಬೇಕು, ಹಸಿ ಹೆಂಟೆಯಲ್ಲಿ ವ್ಯತ್ಯಾಸ ಕಾಣಿಸದೇ ಹೋಗಬಹುದು.

ಎರಡನೆಯದು ಕೃತಕ ಮಳೆ. ಓರೆಯಾಗಿಟ್ಟ ಮೂರು ತಟ್ಟೆಗಳಲ್ಲಿ ಒಂದೇ ಬಗೆಯ ಮಣ್ಣು: ಒಂದು ಬರಿಯದು, ಒಂದಕ್ಕೆ ಒಣ ಹುಲ್ಲಿನ ಹೊದಿಕೆ, ಒಂದರಲ್ಲಿ ಜೀವಂತ ಬೇರುಗಳು. ಮೇಲಿನಿಂದ ಒಂದೇ ಪ್ರಮಾಣದ ನೀರು ಸಿಂಪಡಿಸಿ, ಮೇಲ್ಮೈಯಲ್ಲಿ ಹರಿದುಹೋದದ್ದನ್ನೂ ಕೆಳಗೆ ಇಂಗಿದ್ದನ್ನೂ ಬೇರೆಬೇರೆ ಜಾಡಿಗಳಲ್ಲಿ ಹಿಡಿಯಬೇಕು. ಸವಕಳಿ ಎಂಬುದು ಜಾಡಿಯಲ್ಲಿಯೇ ಕಾಣುತ್ತದೆ.

ಇದರ ಪಕ್ಕದಲ್ಲಿ ಒಂದು ಚಿಕ್ಕ ಲೆಕ್ಕವನ್ನು ಬರೆದಿಡಿ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 2,000 ಟನ್ ತೂಗುತ್ತದೆ. ಅದರಲ್ಲಿ ಸಾವಯವ ಅಂಶವನ್ನು ಶೇಕಡಾ 1ರಷ್ಟು ಏರಿಸುವುದೆಂದರೆ ಸುಮಾರು 20 ಟನ್ ಸ್ಥಿರವಾದ ಸಾವಯವ ದ್ರವ್ಯ ಅಲ್ಲಿ ಉಳಿಯಬೇಕು. ಹಾಕಿದ್ದರಲ್ಲಿ ಬಹುಪಾಲು ಕೊಳೆತು ಗಾಳಿಗೆ ಹೋಗುವುದರಿಂದ, ಆ ಶೇಕಡಾ 1 ಏರಲು ಅನೇಕ ವರ್ಷಗಳು ಬೇಕು. 'ಮಣ್ಣಿನ ಆರೋಗ್ಯ' ಎಂಬ ಮಾತನ್ನು ವಾರ್ಷಿಕ ವರದಿಯಲ್ಲಿ ಸಲೀಸಾಗಿ ಬಳಸುವವರು ಈ ಲೆಕ್ಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ನೀರಿನ ವಿಷಯದಲ್ಲಿಯೂ ಹಾಗೆಯೇ. ಜಗತ್ತಿನಲ್ಲಿ ಮನುಷ್ಯರು ನದಿ, ಕೆರೆ, ಅಂತರ್ಜಲಗಳಿಂದ ತೆಗೆಯುವ ಸಿಹಿನೀರಿನಲ್ಲಿ ಸುಮಾರು ಶೇಕಡಾ 70ರಷ್ಟು ಕೃಷಿಗೆ ಹೋಗುತ್ತದೆ ಎಂಬುದು ಬಹಳ ಜನ ಕೇಳಿರುವ ಅಂಕಿ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ 10,000 ಲೀಟರ್ ಎಂಬುದನ್ನು ಮಾತ್ರ ಹೆಚ್ಚಿನವರು ಯೋಚಿಸಿರುವುದಿಲ್ಲ. ಬಿಸಿಲು ಜೋರಾಗಿರುವ ದಿನ ತುಂಬು ಬೆಳೆ 5ರಿಂದ 7 ಮಿಲಿಮೀಟರ್ ನೀರನ್ನು ಆವಿಯಾಗಿ ಬಿಡಬಲ್ಲದು. ಗಂಟೆಗೆ 2 ಲೀಟರ್ ನೀರು ಬಿಡುವ ಹನಿ ನೀರಾವರಿಯ ತೂತೊಂದನ್ನು ಜೀವಂತವಾಗಿ ತೋರಿಸಿ, ಈ ಹೆಕ್ಟೇರಿಗೆ ಇಂತಹ ಎಷ್ಟು ತೂತುಗಳು ಎಷ್ಟು ಹೊತ್ತು ತೊಟ್ಟಿಕ್ಕಬೇಕೆಂದು ಲೆಕ್ಕಪತ್ರ ವಿಭಾಗದವರಿಂದಲೇ ಲೆಕ್ಕ ಹಾಕಿಸಿ. ಅವರಿಗೆ ಅದು ಇಷ್ಟವಾಗುವ ಕೆಲಸ.

ಇನ್ನು ಸಾರಜನಕ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವೇ ಇದ್ದರೂ ಬೆಳೆ ಅದನ್ನು ನೇರವಾಗಿ ಹೀರಲಾರದು. ಫ್ರಿಟ್ಸ್ ಹೇಬರ್ 1909ರಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಕೆಯನ್ನು ತೋರಿಸಿಕೊಟ್ಟ ಮೇಲೆ, ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿ 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಉತ್ಪಾದನೆ ಆರಂಭವಾಯಿತು. ಇಂದು ಜಗತ್ತಿನ ಸುಮಾರು ಅರ್ಧದಷ್ಟು ಜನರ ಆಹಾರ ಈ ಕ್ರಿಯೆಯನ್ನು ಅವಲಂಬಿಸಿದೆ ಎಂಬುದು ವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪುವ ಅಂದಾಜು. ಅದೇ ಹೊತ್ತಿಗೆ, ಹೊಲಕ್ಕೆ ಹಾಕಿದ ಸಾರಜನಕದಲ್ಲಿ ಸುಮಾರು ಅರ್ಧ ಬೆಳೆಯನ್ನು ಸೇರುವುದೇ ಇಲ್ಲ. ಹಾಗೆ ಬೆಳೆಯನ್ನು ಸೇರದೆ ಹೋದದ್ದರಲ್ಲಿ ಒಂದು ಭಾಗ ನೀರಿನೊಡನೆ ಬಸಿಯುತ್ತದೆ, ಒಂದು ಭಾಗ ಗಾಳಿಗೆ ಹೋಗುತ್ತದೆ. ಹಾಗೆ ಗಾಳಿಗೆ ಹೋಗುವ ಅನಿಲಗಳಲ್ಲಿ ಒಂದಾದ ನೈಟ್ರಸ್ ಆಕ್ಸೈಡ್, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಈ ಎರಡು ಮುಖಗಳನ್ನು ಒಂದೇ ಫಲಕದಲ್ಲಿ ಬರೆಯಿರಿ. ಬೇರೆ ಬೇರೆ ಗೋಡೆಗಳ ಮೇಲೆ ಬರೆದರೆ ಜನರು ತಮಗೆ ಹಿಡಿಸಿದ್ದನ್ನು ಮಾತ್ರ ಓದಿಕೊಂಡು ಹೋಗುತ್ತಾರೆ.

ಉತ್ತರ 2: ಗಾಲಿ_ಮತ್ತು_ಗೋಡೆ

ವಿಷಯದ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ಸಂಚಾರಿ ಪ್ರದರ್ಶನಗಳ ಸಾಗಣೆ ಮತ್ತು ಜೋಡಣೆಯನ್ನು ನೋಡಿಕೊಳ್ಳುವವನಾದ್ದರಿಂದ ಟ್ರೇಲರಿನ ಬಗ್ಗೆಯೇ ಹೇಳುತ್ತೇನೆ.

ಮೊದಲು ತಂಡದ ಗಾತ್ರವನ್ನು ನಿಶ್ಚಯಿಸಿ. 12 ಮೀಟರ್ ಉದ್ದ, ಎರಡೂವರೆ ಮೀಟರಿನಷ್ಟು ಅಗಲದ ಒಳಾಂಗಣದಲ್ಲಿ ಗೋಡೆಗೆ ತಾಗಿದ ಮೇಜುಗಳನ್ನು ಹಾಕಿದ ಮೇಲೆ 12ರಿಂದ 15 ಜನರಷ್ಟೇ ಮೈ ತಾಗದೆ ನಿಲ್ಲಬಲ್ಲರು. ಅರ್ಧ ಗಂಟೆಗೊಂದು ತಂಡದಂತೆ ಎಂಟು ಗಂಟೆ ಬಿಡುವಿಲ್ಲದೆ ನಡೆಸಿದರೂ ಕಾಗದದ ಮೇಲೆ ದಿನಕ್ಕೆ 240 ಜನ ಆಗುತ್ತಾರೆ. ನಡುವೆ ಮಣ್ಣಿನ ತಟ್ಟೆಗಳನ್ನು ಬದಲಿಸಲು, ನೀರು ಒರೆಸಲು, ವಿವರಿಸುವವರು ಉಸಿರು ಬಿಡಲು ಸಮಯ ಬೇಕು. ಹಾಗಾಗಿ ಅದರ ಮೂರನೆಯ ಎರಡು ಭಾಗವನ್ನು ಮಾತ್ರ ನಂಬಿ ವೇಳಾಪಟ್ಟಿ ಮಾಡಿ. ಮಳೆಯ ತಟ್ಟೆಗಳಂತಹ ಒದ್ದೆ ಪ್ರಯೋಗಗಳನ್ನು ಹೊರಗೆ ನೆರಳಿನ ಚಪ್ಪರದಡಿ ಇಟ್ಟರೆ, ಒಳಗಿನ ತಂಡ ಹೊರಬರುವಷ್ಟರಲ್ಲಿ ಮುಂದಿನ ತಂಡ ಅಲ್ಲಿ ಕಲಿಯುತ್ತಿರುತ್ತದೆ ಮತ್ತು ಸಾಲಿನಲ್ಲಿ ಕಾಯುವ ಬೇಸರವೂ ತಪ್ಪುತ್ತದೆ.

ಗಾಲಿಕುರ್ಚಿ ಬಳಸುವವರನ್ನು ವಿನ್ಯಾಸದ ಮೊದಲ ದಿನವೇ ನೆನೆಯಬೇಕು. ಟ್ರೇಲರಿನ ನೆಲ ಸಾಮಾನ್ಯವಾಗಿ ಭೂಮಿಯಿಂದ 1.2 ಮೀಟರಿನಷ್ಟು ಮೇಲಿರುತ್ತದೆ. ಇಳಿಜಾರು 1ಕ್ಕೆ 12ರ ಪ್ರಮಾಣದಲ್ಲಿರಬೇಕೆಂಬ ಹೆಚ್ಚು ಬಳಕೆಯಲ್ಲಿರುವ ನಿಯಮವನ್ನು ಅನುಸರಿಸಿದರೆ 14 ಮೀಟರಿಗೂ ಹೆಚ್ಚು ಉದ್ದದ ಇಳಿಜಾರು ಬೇಕಾಗುತ್ತದೆ. ಅದು ಟ್ರೇಲರಿಗಿಂತಲೂ ಉದ್ದ. ಆದ್ದರಿಂದ ಎತ್ತುಯಂತ್ರ ಹಾಕಿಸುವುದೇ ಸರಿಯಾದ ದಾರಿ.

ಪ್ರದರ್ಶನ ದೇಶದ ಗಡಿ ದಾಟುವುದಾದರೆ ಇನ್ನಷ್ಟು ಎಚ್ಚರ ಬೇಕು. ಮಣ್ಣು, ಜೀವಂತ ಗಿಡ, ಮೊಳೆಯಬಲ್ಲ ಬೀಜ, ಈ ಮೂರನ್ನೂ ಬಹುತೇಕ ದೇಶಗಳು ಸಸ್ಯರೋಗ ಮತ್ತು ಕೀಟಗಳ ಭಯದಿಂದ ನಿರ್ಬಂಧಿಸುತ್ತವೆ. ಮರದ ಪೆಟ್ಟಿಗೆಗಳಿಗೂ ಅಂತರರಾಷ್ಟ್ರೀಯ ನಿಯಮವಿದೆ: ಶಾಖ ಸಂಸ್ಕರಣೆಯ ವಿಧಾನವಾದರೆ ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಇರಬೇಕು, ಮತ್ತು ಅದರ ಮುದ್ರೆ ಪೆಟ್ಟಿಗೆಯ ಮೇಲೆ ಇರಬೇಕು. ಮಣ್ಣನ್ನು ಹೊತ್ತೊಯ್ಯುವ ಬದಲು ಆಯಾ ಕಡೆಯ ಮಣ್ಣನ್ನೇ ಮುಂಚಿತವಾಗಿ ಸಂಗ್ರಹಿಸಿ ಒಣಗಿಸಿಡಲು ಒಬ್ಬರನ್ನು ನೇಮಿಸಿ. ಮಣ್ಣಿನ ಪದರಗಳನ್ನು ತೋರಿಸಲು ರಾಳದಲ್ಲಿ ಹಿಡಿದಿಟ್ಟ ಸ್ತಂಭವನ್ನು ಒಮ್ಮೆ ಮಾಡಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ಅದನ್ನು ಗಡಿ ದಾಟಿಸಬಹುದೇ ಎಂಬುದನ್ನೂ ಮೊದಲೇ ಅಧಿಕಾರಿಗಳಲ್ಲಿ ಕೇಳಿಕೊಳ್ಳಿ.

ಕೊನೆಯದಾಗಿ, ಬಿತ್ತನೆ ಬೀಜವನ್ನು ಮುಟ್ಟಲು ಕೊಡುವಾಗ ಅದಕ್ಕೆ ಶಿಲೀಂಧ್ರನಾಶಕವಾಗಲಿ ಕೀಟನಾಶಕವಾಗಲಿ ಲೇಪಿಸಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಸಂಸ್ಕರಿಸಿದ ಬೀಜಕ್ಕೆ ಗಾಢ ಬಣ್ಣ ಕಟ್ಟುವುದೇ ಅದನ್ನು ಯಾರೂ ತಿನ್ನದಿರಲಿ, ಆಹಾರದ ಕಾಳಿನೊಡನೆ ಬೆರೆಸದಿರಲಿ ಎಂದು. ಆ ಬೀಜವನ್ನು ಮುಚ್ಚಿದ ಗಾಜಿನೊಳಗೆ ಇಟ್ಟು, ಬಣ್ಣದ ಕಾರಣವನ್ನು ಬರೆದರೆ ಅದೂ ಒಂದು ಪಾಠವಾಗುತ್ತದೆ.

ತರಬೇತಿ_ಮೇಜು

ಇಬ್ಬರಿಗೂ ವಂದನೆಗಳು. ಊಹೆ ಮೊದಲು, ಪ್ರಯೋಗ ಆಮೇಲೆ ಎಂಬ ಕ್ರಮವನ್ನು ವಿನ್ಯಾಸಕಾರರಿಗೆ ಈಗಾಗಲೇ ತಿಳಿಸಿದ್ದೇನೆ. ಇನ್ನೆರಡು ಸಂದೇಹಗಳಿವೆ. ಕುಲಾಂತರಿ ಬೆಳೆ, ಕಳೆನಾಶಕದಂತಹ ವಾದಗ್ರಸ್ತ ವಿಷಯಗಳನ್ನು ಒಳಗೆ ತರಬೇಕೇ, ಅಥವಾ ಸಿಬ್ಬಂದಿಯ ಮುಂದೆ ಅವನ್ನು ಎತ್ತದಿರುವುದೇ ಲೇಸೇ? ಮತ್ತು ತಂತ್ರಾಂಶ ವಿಭಾಗದವರು ತಮಗೆ ಉಪಗ್ರಹದ ನಕ್ಷೆ, ದತ್ತಾಂಶ ಎಲ್ಲವೂ ಗೊತ್ತು, ತಮಗೆ ಈ ಪ್ರದರ್ಶನ ಬೇಡ ಎನ್ನುತ್ತಿದ್ದಾರೆ. ಅವರಿಗಾಗಿ ಏನಿಡಬಹುದು?

ಉತ್ತರ 3: ಬೆದೆ_ನೋಡಿ_ಬಿತ್ತು

ನಾನು ಬೇಸಾಯ ಮಾಡುವವನು. ನಿಮ್ಮಂತಹ ಸಂಸ್ಥೆಗಳ ಸರಕನ್ನು ಕೊಳ್ಳುವವನೂ ಹೌದು. ಆದ್ದರಿಂದ ನಿಮ್ಮ ಸಿಬ್ಬಂದಿಗೆ ಏನು ಗೊತ್ತಿರಬೇಕು ಎಂಬುದರಲ್ಲಿ ನನಗೂ ಸ್ವಾರ್ಥವಿದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಹೊರಬಾಗಿಲಿನ ಉತ್ಪನ್ನಗಳ ಸಾಲನ್ನು ತೆಗೆದುಹಾಕಿ. ಅವನ್ನು ನಿಮ್ಮವರು ಆಗಲೇ ಬಲ್ಲರು. ಅವರಿಗೆ ಗೊತ್ತಿಲ್ಲದಿರುವುದು ಆ ಉತ್ಪನ್ನವನ್ನು ಕೊಳ್ಳಬೇಕೇ ಬೇಡವೇ, ಇಂದು ಬಳಸಬೇಕೇ ನಾಳೆ ಬಳಸಬೇಕೇ ಎಂದು ಹೊಲದ ಅಂಚಿನಲ್ಲಿ ನಿಂತು ತೀರ್ಮಾನಿಸುವ ಕಷ್ಟ. ಆಧುನಿಕ ಕೃಷಿ ಎಂದರೆ ಯಂತ್ರಗಳ ಪಟ್ಟಿಯಲ್ಲ. ಪೂರ್ತಿ ಮಾಹಿತಿ ಕೈಗೆ ಬರುವ ಮೊದಲೇ ತೆಗೆದುಕೊಳ್ಳಬೇಕಾದ, ತೆಗೆದುಕೊಂಡ ಮೇಲೆ ಆ ಹಂಗಾಮಿನಲ್ಲಿ ಹಿಂದಕ್ಕೆ ಪಡೆಯಲಾಗದ ನಿರ್ಧಾರಗಳ ಸಾಲು ಅದು. ಆ ನಿರ್ಧಾರಗಳನ್ನು ಸಿಬ್ಬಂದಿಯ ಕೈಯಲ್ಲಿಯೇ ಮಾಡಿಸಿ.

ಒಂದು ಮೇಜಿನ ಮೇಲೆ ಒಂದು ಬೆಳೆಯ ಹಂಗಾಮನ್ನು ಹಾಸಿರಿ, ಮೆಕ್ಕೆಜೋಳ ಇದಕ್ಕೆ ಅನುಕೂಲ. ಮೊದಲ ಚೀಟಿ: ಮಣ್ಣಿನ ಉಷ್ಣತೆ ಮೊಳಕೆಗೆ ಬೇಕಾದ 10 ಡಿಗ್ರಿ ಸೆಲ್ಸಿಯಸ್‌ಗೆ ಈಗಷ್ಟೇ ಮುಟ್ಟಿದೆ, ನಾಲ್ಕು ದಿನಗಳಲ್ಲಿ ತಣ್ಣನೆಯ ಮಳೆಯ ಮುನ್ಸೂಚನೆ ಇದೆ. ಈಗ ಬಿತ್ತಿದರೆ ಬೀಜ ಕೊಳೆಯಬಹುದು, ಕಾದರೆ ಮಣ್ಣು ಕೆಸರಾಗಿ ಎರಡು ವಾರ ಹೊಲಕ್ಕೆ ಇಳಿಯಲಾಗದೇ ಹೋಗಬಹುದು. ನಡುವಿನ ಒಂದು ಚೀಟಿ: ಎಲೆಗಳಲ್ಲಿ ಹುಳು ಕಾಣಿಸಿಕೊಂಡಿದೆ. ಎಣಿಸಿ ನೋಡಿದರೆ, ಆಗಬಹುದಾದ ನಷ್ಟವು ಸಿಂಪಡಣೆಯ ಖರ್ಚಿಗೆ ಸಮನಾಗುವ ಮಟ್ಟಕ್ಕಿಂತ ಸ್ವಲ್ಪ ಕೆಳಗಿದೆ. ಈಗ ಹೊಡೆದರೆ ಹುಳುವನ್ನು ತಿನ್ನುವ ಮಿತ್ರಕೀಟಗಳೂ ಸಾಯುತ್ತವೆ, ಬಿಟ್ಟರೆ ವಾರದೊಳಗೆ ಕೈಮೀರಬಹುದು. ಹೊಡೆಯಲು ಹೊರಟರೂ ಗಾಳಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿದೆ, ಔಷಧ ಪಕ್ಕದ ಹೊಲಕ್ಕೆ ತೇಲುತ್ತದೆ. ಕೊನೆಯ ಚೀಟಿ: ಕಾಳಿನಲ್ಲಿ ಶೇಕಡಾ 22ರಷ್ಟು ತೇವಾಂಶವಿದೆ, ಬಹುಕಾಲ ಕೂಡಿಡಲು ಅದು 14 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಇಂಧನ ಸುಟ್ಟು ಯಂತ್ರದಲ್ಲಿ ಒಣಗಿಸುವುದೇ, ಅಥವಾ ಬಿರುಗಾಳಿಗೆ ದಂಟು ಮುರಿದು ಬೀಳಬಹುದಾದ ಅಪಾಯವನ್ನು ಹೊತ್ತು ಬಿಸಿಲಿನಲ್ಲಿಯೇ ಒಣಗಲು ಬಿಡುವುದೇ?

ಪ್ರತಿ ಚೀಟಿಯ ಫಲಿತಾಂಶವನ್ನು ದಾಳ ನಿರ್ಧರಿಸಲಿ. ಸರಿಯಾಗಿ ಯೋಚಿಸಿದವರೂ ಕೆಲವೊಮ್ಮೆ ಸೋಲಬೇಕು, ಏಕೆಂದರೆ ಹೊಲದಲ್ಲಿ ಹಾಗೆಯೇ ಆಗುತ್ತದೆ. ಈ ಆಟ ಆಡಿದ ಕಾನೂನು ವಿಭಾಗದವರು ಮುಂದಿನ ಸಲ ಒಪ್ಪಂದದಲ್ಲಿ ಹಣ ಪಾವತಿಯ ಗಡುವು ಬರೆಯುವಾಗ, ರೈತನ ಕೈಗೆ ಹಣ ಬರುವುದು ಯಾವಾಗ ಎಂದು ಒಂದು ಕ್ಷಣ ಯೋಚಿಸಿದರೂ ನನಗೆ ಸಾಕು.

ವಾದಗ್ರಸ್ತ ವಿಷಯಗಳನ್ನು ಖಂಡಿತವಾಗಿ ತನ್ನಿ. ಅವನ್ನು ಮುಚ್ಚಿಟ್ಟರೆ, ಹೊರಗೆ ನೆಂಟರಿಷ್ಟರು ಕೇಳುವ ಪ್ರಶ್ನೆಗೆ ನಿಮ್ಮವರು ಉತ್ತರವಿಲ್ಲದೆ ನಿಲ್ಲುತ್ತಾರೆ, ಮತ್ತು ಒಳಗೆ ನೀವು ತೋರಿಸಿದ ಉಳಿದುದನ್ನೂ ಪ್ರಚಾರವೆಂದೇ ಎಣಿಸುತ್ತಾರೆ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಸೇರಿಸಿ, ಹುಳು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ಮಾಡಿದ ಹತ್ತಿ, ಮೆಕ್ಕೆಜೋಳಗಳು 1996ರಲ್ಲಿ ಅಮೆರಿಕದಲ್ಲಿ ವ್ಯಾಪಾರಿ ಬೆಳೆಗಳಾದವು. ಕೆಲವು ಹುಳುಗಳ ವಿರುದ್ಧ ಸಿಂಪಡಣೆ ಇಳಿದದ್ದೂ ನಿಜ, ಕಾಲಾಂತರದಲ್ಲಿ ಕೆಲವೆಡೆ ಹುಳುಗಳೇ ಆ ವಿಷವನ್ನು ತಡೆದುಕೊಳ್ಳಲು ಕಲಿತದ್ದೂ ನಿಜ. ಪಕ್ಕದಲ್ಲಿ ಸಾಮಾನ್ಯ ತಳಿಯ ಆಸರೆ ಪಟ್ಟಿಯನ್ನು ಬೆಳೆಯಬೇಕೆಂಬ ನಿಯಮ ಹುಟ್ಟಿದ್ದು, ನಿರೋಧಕ ಹುಳುಗಳು ಅಲ್ಲಿ ಬೆಳೆದ ಸಾಧಾರಣ ಹುಳುಗಳೊಡನೆ ಕೂಡಿ ಆ ನಿರೋಧಕತೆ ನಿಧಾನವಾಗಲಿ ಎಂಬ ಕಾರಣಕ್ಕೆ. ಕಳೆನಾಶಕದ ಕತೆಯೂ ಇದೇ ದಾರಿಯದು: ಒಂದೇ ರಾಸಾಯನಿಕವನ್ನು ವರ್ಷವರ್ಷವೂ ಹೊಡೆದಲ್ಲಿ, ಅದಕ್ಕೆ ಜಗ್ಗದ ಕಳೆಗಳು ಉಳಿದು ಹೊಲ ತುಂಬಿದವು. ಒಂದೆಡೆ ಕಳೆನಾಶಕದ ನೆರವಿನಿಂದ ಉಳುಮೆ ಕಡಿಮೆಯಾಗಿ ಮಣ್ಣು ಉಳಿಯಿತು, ಇನ್ನೊಂದೆಡೆ ಅದರ ಮೇಲಿನ ಅತಿಯಾದ ಅವಲಂಬನೆ ಈ ಕಳೆಗಳನ್ನು ತಂದಿತು. ಉತ್ತರ 1ರ ಹೆಂಟೆಯ ಪ್ರಯೋಗದ ಪಕ್ಕದಲ್ಲಿಯೇ ಇದನ್ನೂ ಬರೆದಿಡಬೇಕು. ಹೇಳುವವರು ಸಂಸ್ಥೆಯ ಪರವಾಗಿ ವಾದಿಸಬಾರದು ಎಂಬುದೊಂದೇ ನನ್ನ ಷರತ್ತು.

ಸಾಧ್ಯವಾದರೆ ವಿವರಿಸುವವರಲ್ಲಿ ಒಬ್ಬರಾದರೂ ಈಗಲೂ ಬೇಸಾಯ ಮಾಡುತ್ತಿರುವವರಾಗಿರಲಿ, ಮತ್ತು ಅವರಿಗೆ ಬರೆದುಕೊಟ್ಟ ಮಾತು ಇರದಿರಲಿ.

ಉತ್ತರ 4: ನಕ್ಷೆಯ_ಹಿಂದೆ

ತಂತ್ರಾಂಶ ವಿಭಾಗದವರ ಬಗ್ಗೆ ನೀವು ಕೇಳಿದ್ದರಿಂದ ಬರೆಯುತ್ತಿದ್ದೇನೆ. ನನ್ನದು ಅದೇ ಕಸುಬು. 'ನಮಗೆ ದತ್ತಾಂಶ ಗೊತ್ತು' ಎನ್ನುವವರಿಗೆ ಆ ದತ್ತಾಂಶ ಹುಟ್ಟುವ ಜಾಗವನ್ನು ತೋರಿಸಬೇಕು. ಅಲ್ಲಿ ಅದು ಎಷ್ಟು ಒರಟಾಗಿದೆ ಎಂದು ನೋಡಿದರೆ ಧೋರಣೆ ತಾನಾಗಿಯೇ ಬದಲಾಗುತ್ತದೆ.

ಎಲೆಯ ಹಸಿರನ್ನು ಅಳೆಯುವ ಎನ್‌ಡಿವಿಐ ಎಂಬ ಸೂಚ್ಯಂಕದಿಂದ ಆರಂಭಿಸಿ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ, ಕೆಂಪಿಗೆ ಸಮೀಪದ ಅವಕೆಂಪು ಬೆಳಕನ್ನು ಬಲವಾಗಿ ಹಿಂದಿರುಗಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಆ ಸೂಚ್ಯಂಕ. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳು ಇದನ್ನು 10 ಮೀಟರ್ ಅಗಲದ ಚೌಕಗಳಲ್ಲಿ ಕೊಡುತ್ತವೆ, ಅಂದರೆ ಒಂದು ಹೆಕ್ಟೇರಿಗೆ ನೂರು ಚೌಕ. ಎರಡು ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ಒಂದೇ ಜಾಗವನ್ನು ನೋಡುತ್ತವೆ, ಮೋಡವಿಲ್ಲದಿದ್ದರೆ. ಬೆಳೆಗೆ ಮಳೆಯಿರುವ ಕಾಲವೇ ಮೋಡದ ಕಾಲವೂ ಆಗಿರುತ್ತದೆ ಎಂಬುದನ್ನು ಕಚೇರಿಯಲ್ಲಿ ಕುಳಿತು ಮರೆಯುವುದು ಸುಲಭ.

ಈಗ ಪ್ರಯೋಗ. ನಕ್ಷೆಯೊಂದರಲ್ಲಿ ಒಂದೇ ಹಳದಿ ಬಣ್ಣದ ಮೂರು ತೇಪೆಗಳಿರಲಿ, ಪ್ರತಿಯೊಂದರ ಕೆಳಗೂ ಒಂದು ಮುಚ್ಚಳ. ಯಾವ ತೇಪೆಗೆ ಗೊಬ್ಬರ ಹಾಕಲು ಸಲಹೆ ಕೊಡುತ್ತೀರಿ ಎಂದು ಕೇಳಿ. ಮುಚ್ಚಳ ತೆರೆದಾಗ ಮೊದಲನೆಯದರಲ್ಲಿ ಕೆಳಗಿನ ಹಳೆಯ ಎಲೆಗಳು ಹಳದಿಯಾದ ಗಿಡ: ಅದು ಸಾರಜನಕದ ಕೊರತೆ, ಏಕೆಂದರೆ ಸಾರಜನಕ ಸಾಲದಾದಾಗ ಗಿಡ ಅದನ್ನು ಹಳೆಯ ಎಲೆಯಿಂದ ಎಳೆದು ಹೊಸ ಎಲೆಗೆ ಕೊಡುತ್ತದೆ. ಎರಡನೆಯದರಲ್ಲಿ ಮೇಲಿನ ಚಿಗುರೆಲೆಗಳು ಹಳದಿ: ಅದು ಗಿಡದೊಳಗೆ ಸುಲಭವಾಗಿ ಚಲಿಸದ ಕಬ್ಬಿಣದಂತಹ ಪೋಷಕಾಂಶದ ಕೊರತೆ. ಮೂರನೆಯದರಲ್ಲಿ ನೀರು ನಿಂತು ಕೊಳೆತ ಬೇರು. ಉಪಗ್ರಹಕ್ಕೆ ಮೂರೂ ಒಂದೇ. ಮೂರಕ್ಕೂ ಯೂರಿಯಾ ಸುರಿಯಿರಿ ಎಂದು ಹೇಳುವ ತಂತ್ರಾಂಶ ಬರೆಯುವುದು ಎಷ್ಟು ಸುಲಭವೆಂದು ಅವರಿಗೇ ಅರಿವಾಗುತ್ತದೆ.

ಕೊಯ್ಲು ಯಂತ್ರದ ಇಳುವರಿ ಮಾಪಕವನ್ನೂ ಇಡಿ, ಬಿಡಿಭಾಗ ಸಾಕು. ಕಾಳು ಚಿಮ್ಮಿ ಬಂದು ಬಡಿಯುವ ಒಂದು ಫಲಕ, ಅದರ ಹಿಂದೆ ಬಲವನ್ನು ಅಳೆಯುವ ಸಂವೇದಕ, ಅಷ್ಟೇ. ತೆನೆ ಕತ್ತರಿಸಿದ ಕ್ಷಣಕ್ಕೂ ಅದರ ಕಾಳು ಫಲಕಕ್ಕೆ ಬಡಿಯುವ ಕ್ಷಣಕ್ಕೂ ನಡುವೆ ಹತ್ತು ಹನ್ನೆರಡು ಸೆಕೆಂಡುಗಳ ಅಂತರವಿರುತ್ತದೆ. ಯಂತ್ರ ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದರೆ ಅಷ್ಟರಲ್ಲಿ ಸುಮಾರು 20 ಮೀಟರ್ ಮುಂದೆ ಹೋಗಿರುತ್ತದೆ. ಆ ಅಂತರವನ್ನು ತಿದ್ದದಿದ್ದರೆ ನಕ್ಷೆಯ ಪ್ರತಿ ಚುಕ್ಕೆಯೂ ತಪ್ಪು ಜಾಗದಲ್ಲಿ ಕೂರುತ್ತದೆ.

ಜಿಪಿಎಸ್ ಚಾಲಿತ ಟ್ರ್ಯಾಕ್ಟರಿನ ಲಾಭವನ್ನು ತೋರಿಸಲು ನೆಲದ ಮೇಲೆ ಎರಡು ಪಟ್ಟಿ ಬಣ್ಣ ಸಾಕು. 6 ಮೀಟರ್ ಅಗಲದ ಯಂತ್ರವನ್ನು ಕಣ್ಣಂದಾಜಿನಲ್ಲಿ ನಡೆಸುವವನು ಸಂದು ಬಿಡಬಾರದೆಂದು ಪ್ರತಿ ಸಾಲಿನಲ್ಲಿ 30 ಸೆಂಟಿಮೀಟರ್ ಮೇಲೆ ಮೇಲೆ ಹಾಯಿಸಿದರೆ ಬೀಜ, ಗೊಬ್ಬರ, ಇಂಧನ ಎಲ್ಲವೂ ಶೇಕಡಾ 5ರಷ್ಟು ವ್ಯರ್ಥ. ನೆಲದ ಮೇಲಿನ ಆಧಾರ ಕೇಂದ್ರದಿಂದ ಕ್ಷಣಕ್ಷಣಕ್ಕೂ ತಿದ್ದುಪಡಿ ಪಡೆಯುವ ಆರ್‌ಟಿಕೆ ವಿಧಾನದಲ್ಲಿ ದೋಷ ಎರಡು ಮೂರು ಸೆಂಟಿಮೀಟರ್‌ಗೆ ಇಳಿಯುತ್ತದೆ. ಡ್ರೋನ್ ತೂಗುಹಾಕಲೇಬೇಕೆಂದು ವಿನ್ಯಾಸಕಾರರು ಹಟ ಹಿಡಿದರೆ ತೂಗಲಿ, ಬಂದವರು ಹೇಗಿದ್ದರೂ ಅದರ ಜೊತೆಗೇ ಚಿತ್ರ ತೆಗೆಸಿಕೊಳ್ಳುತ್ತಾರೆ.

ಉತ್ತರ 5: ಮೂರು_ತಿಂಗಳ_ನಂತರ

ಒಂದು ವಿಷಯ ಮಾತ್ರ ಸೇರಿಸುತ್ತೇನೆ. ಹೊರಬಾಗಿಲಿನಲ್ಲಿ 'ಪ್ರದರ್ಶನ ಹೇಗಿತ್ತು' ಎಂದು ಕೇಳಿ ನಗುಮುಖದ ಗುಂಡಿ ಒತ್ತಿಸುವುದನ್ನು ಮೌಲ್ಯಮಾಪನ ಎನ್ನಬೇಡಿ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ, ತರಬೇತಿ ಕ್ಷೇತ್ರದವರೆಲ್ಲ ಬಲ್ಲ ನಾಲ್ಕು ಹಂತಗಳಲ್ಲಿ ಅದು ಮೊದಲನೆಯದು ಮಾತ್ರ: ಇಷ್ಟವಾಯಿತೇ ಎಂಬುದು. ಕಲಿತರೇ, ನಡವಳಿಕೆ ಬದಲಾಯಿತೇ, ಅದರಿಂದ ಸಂಸ್ಥೆಗೆ ಫಲ ಸಿಕ್ಕಿತೇ ಎಂಬ ಉಳಿದ ಮೂರು ಹಂತಗಳು ಬಾಗಿಲಿನಲ್ಲಿ ಗೊತ್ತಾಗುವುದಿಲ್ಲ.

ಒಳಗೆ ಹೋಗುವ ಮೊದಲು ಎರಡು ಮೂರು ಪ್ರಶ್ನೆಗಳಿಗೆ ಉತ್ತರ ಬರೆಸಿಕೊಳ್ಳಿ. ಅವೇ ಪ್ರಶ್ನೆಗಳನ್ನು ಮೂರು ತಿಂಗಳ ನಂತರ, ಮುನ್ಸೂಚನೆ ಕೊಡದೆ ಮತ್ತೆ ಕೇಳಿ. ಟ್ರೇಲರ್ ಇನ್ನೂ ತಲುಪಿರದ ಶಾಖೆಯವರಿಗೂ ಅವನ್ನೇ ಕೇಳಿದರೆ ಹೋಲಿಕೆಗೆ ಆಧಾರ ಸಿಗುತ್ತದೆ. ಶೇಕಡಾ ಎಷ್ಟು, ಯಾವ ವರ್ಷ ಎಂಬಂತಹ ಪ್ರಶ್ನೆಗಳು ಇಲ್ಲಿ ಕೆಲಸಕ್ಕೆ ಬಾರವು, ಅವನ್ನು ಯಾರು ಬೇಕಾದರೂ ಫೋನಿನಲ್ಲಿ ಹುಡುಕಿ ಬರೆಯುತ್ತಾರೆ. ಮೇಲಿನ ಉತ್ತರಗಳಿಂದಲೇ ಒಂದು ಪ್ರಶ್ನೆಯನ್ನು ಹೀಗೆ ಕಟ್ಟಬಹುದು: 'ಹೊಲದ ಒಂದು ಮೂಲೆ ಉಪಗ್ರಹದ ನಕ್ಷೆಯಲ್ಲಿ ಹಳದಿಯಾಗಿ ಕಾಣುತ್ತಿದೆ. ರೈತರು ನಿಮಗೆ ಕರೆ ಮಾಡಿದ್ದಾರೆ. ಏನು ಮಾಡಬೇಕೆಂದು ಹೇಳುವ ಮೊದಲು ನೀವು ಅವರನ್ನು ಕೇಳುವ ಮೂರು ಪ್ರಶ್ನೆಗಳಾವುವು?'